ನಾಳೆಯನ್ನು ಕದ್ದು ನೋಡಿದ ಗ್ರಾಫ್

ಅವನ ಗ್ರಾಫ್ ಅಗತ್ಯಕ್ಕಿಂತ ಚೆನ್ನಾಗಿತ್ತು. ನನಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಅನುಮಾನ ಬಂತು.

"ಹೇಗಿದೆ?" ಎಂದ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ. ಇಸ್ತ್ರಿ ಮಾಡಿದ ಶರ್ಟು, ಒದ್ದೆ ಮಾಡಿ ಬಾಚಿದ ತಲೆ. ಲ್ಯಾಬಿನಲ್ಲಿ ಇವನನ್ನು ಇಷ್ಟು ನೀಟಾಗಿ ನಾನು ಒಮ್ಮೆಯೂ ನೋಡಿರಲಿಲ್ಲ. ಬಿಟ್ಟುಹೋಗುವ ಹೊತ್ತಿಗೇ ಹೀಗೆ ಚೆಂದ ಕಾಣಬೇಕೇ ಎಂದು ಮೈಯೆಲ್ಲ ಉರಿಯಿತು.

ಎಲ್ಲರೂ ಇವನನ್ನು ಕರೆಯುವುದು 'ಅಂದಾಜು' ಎಂದು. ಟೀ ಬೇಕೋ ಕಾಫಿಯೋ ಎಂದು ಕೇಳಿದರೆ "ಅಂದಾಜು ಟೀ" ಎನ್ನುವ ಆಸಾಮಿ. ದೊಡ್ಡ ಗಾಜಿನ ತೊಟ್ಟಿಯ ನೀರಿನಲ್ಲಿ ಸುಳಿ ಎಬ್ಬಿಸಿ ಅದರ ವೇಗ ಅಳೆಯುವುದು ನಮ್ಮಿಬ್ಬರ ಕೆಲಸ. ತೊಟ್ಟಿ ನನ್ನದು, ಗಣಿತ ಅವನದು. ಅವನ ನೌಕರಿ ವರ್ಷಕ್ಕೊಮ್ಮೆ ಮುಗಿಯುತ್ತದೆ, ವರ್ಷಕ್ಕೊಮ್ಮೆ ಪ್ರೊಫೆಸರ್ ಕನಿಕರಪಟ್ಟು ಮುಂದುವರಿಸುತ್ತಾರೆ. ಇದು ಸಾಕಾಯಿತೋ ಏನೋ, ಷೇರುಪೇಟೆಯ ಏರಿಳಿತವನ್ನು ಗಣಿತದಲ್ಲಿ ಹಿಡಿಯುವ ಒಂದು ಕಂಪನಿಗೆ ಅರ್ಜಿ ಹಾಕಿದ್ದ. ನನಗೊಂದು ಮಾತೂ ಹೇಳದೆ. ಕೊನೆಯ ಸುತ್ತು ಇವತ್ತು ಮಧ್ಯಾಹ್ನ, ವೀಡಿಯೊ ಕಾಲ್‌ನಲ್ಲಿ. ಸಿಕ್ಕಿತೆಂದರೆ ಮುಂದಿನ ತಿಂಗಳು ಬೇರೆ ಊರು, ಅದೂ ವಿಮಾನ ಹತ್ತಿ ಹೋಗುವಂಥ ಊರು.

"ಹಳೇ ಬೆಲೆಗಳನ್ನ ಕೊಟ್ಟಿದ್ರು. ಯಾವ ದಿನ ಕೊಳ್ಳಬೇಕು, ಯಾವ ದಿನ ಮಾರಬೇಕು ಅಂತ ಹೇಳೋ ಮಾಡೆಲ್ ಕಟ್ಟಿ, ಇದರ ಮೇಲೆ ಓಡಿಸಿ ತೋರಿಸಿ ಅಂದ್ರು. ನೋಡು, ಲಾಭ ಒಂದ್ಸಲಾನೂ ಕೆಳಗಿಳಿದಿಲ್ಲ."

"ಅದನ್ನೇ ನೋಡ್ತಿದೀನಿ."

"ಚೆನ್ನಾಗಿದೆ ಅಂತ ಒಂದ್ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಬೆಲೆ ಸುಮ್ ಸುಮ್ನೆ ಮೇಲೆ ಕೆಳಗೆ ಕುಣಿಯುತ್ತಲ್ಲ, ಆ ನಾಯ್ಸ್ ಹೇಗೆ ತೆಗೆದೆ?"

ಅವನು ನಕ್ಕ. "ನಿನ್ನ ಪ್ರೋಗ್ರಾಮಿಂದಾನೇ ಕಣೆ. ಅದನ್ನ ಬಿಟ್ಟು ಇನ್ನೇನು ನಂಬಲಿ?"

ಹೇಳಿ ನನ್ನನ್ನೇ ನೋಡಿದ. ಆ ನೋಟ ಒಂದು ಕ್ಷಣ ನನ್ನ ಮುಖದ ಮೇಲೆ ನಿಂತು, ಕದಿಯುವಾಗ ಸಿಕ್ಕಿಬಿದ್ದಂತೆ ಗಡಿಬಿಡಿಯಿಂದ ಕೀಬೋರ್ಡಿಗೆ ಇಳಿಯಿತು. ಬೇರೆ ದಿನವಾಗಿದ್ದರೆ ಅದೊಂದು ನೋಟವನ್ನೇ ವಾರವೆಲ್ಲ ಮೆಲುಕು ಹಾಕುತ್ತಿದ್ದೆ. ಆದರೆ ತಪ್ಪು ಎಲ್ಲಿದೆ ಎಂದು ನನಗೆ ಅಷ್ಟರಲ್ಲಿ ತಿಳಿದುಹೋಗಿತ್ತು.

ಆ ಪ್ರೋಗ್ರಾಮನ್ನು ನಾನು ಬರೆದದ್ದು ಸುಳಿಗಳಿಗಾಗಿ. ಅಳತೆಯ ಪ್ರತಿ ಬಿಂದುವನ್ನೂ ಅದರ ಹಿಂದಿನ ಮತ್ತು ಮುಂದಿನ ಬಿಂದುಗಳ ಜೊತೆ ಸೇರಿಸಿ ಸರಾಸರಿ ತೆಗೆಯುತ್ತದೆ. ಸುಳಿಗೆ ಅದು ಸರಿ. ಸುಳಿ ಎದ್ದು ಇಳಿದು ಮುಗಿದ ಮೇಲೆ ತಾನೇ ನಾವು ಕೂತು ನೋಡುವುದು? ಇವತ್ತಿನ ಬೆಲೆಗೆ ನಾಳೆಯ ಬೆಲೆ ಬೆರೆಸಿದರೆ ಮಾತ್ರ ಕತೆ ಮುಗಿಯಿತು. ಇವನ ಮಾಡೆಲ್ ನಾಳೆಯನ್ನು ಕದ್ದು ನೋಡಿ ಇವತ್ತು ಕೊಳ್ಳುತ್ತಿತ್ತು. ಲಾಭ ಬರದೆ ಇನ್ನೇನಾದೀತು! ಇಂಥ ಎಡವಟ್ಟನ್ನು ನಮ್ಮಂಥ ಲ್ಯಾಬಿನವರೇ ಮಾಡುವುದು. ಆ ಕಂಪನಿಯವರೋ ಇಂಥದ್ದನ್ನು ಹಿಡಿಯುವುದರಲ್ಲೇ ಪಳಗಿದವರು.

ಕಾಫಿ ತರುತ್ತೇನೆ ಎಂದು ಎದ್ದುಹೋದೆ.

ಕಾರಿಡಾರಿನ ಕಾಫಿ ಮಷೀನಿಗೆ ಲೋಟ ಇಟ್ಟು ಗುಂಡಿ ಒತ್ತಿದೆ. ನಾನು ಏನೂ ಮಾಡಬೇಕಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವರು ತಪ್ಪು ಹಿಡಿಯುತ್ತಾರೆ, ಇವನು ಜೋಲುಮುಖ ಹಾಕಿಕೊಂಡು ಬರುತ್ತಾನೆ, ಪ್ರೊಫೆಸರ್ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೆ. ಮತ್ತೆ ಅದೇ ಬೆಂಚು, ಅದೇ ಅಂದಾಜು ಟೀ, ಪಕ್ಕದಲ್ಲಿ ಅವನು. "ಅವನು ಹೇಳಲಿ ಅಂತ ನೀನು, ನೀನು ಹೇಳಲಿ ಅಂತ ಅವನು. ಇಬ್ರೂ ಸುಳಿ ನೋಡ್ಕೊಂಡೇ ಕೂತಿರಿ, ತಲೆ ಬೆಳ್ಳಗಾಗುತ್ತೆ," ಎಂದು ಅಕ್ಕ ಫೋನ್ ಮಾಡಿದಾಗಲೆಲ್ಲ ರೇಗಿಸುತ್ತಾಳೆ. ಇನ್ನೊಂದು ವರ್ಷ ಸಿಕ್ಕರೆ ಹೇಳಿಯೇನು ಎಂದುಕೊಂಡೆ.

ಲೋಟ ತುಂಬಿ ಕಾಫಿ ಕೈಮೇಲೆ ಚೆಲ್ಲಿತು. ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವನು ನನ್ನ ಕೆಲಸವನ್ನು ಕಣ್ಣು ಮುಚ್ಚಿ ನಂಬಿದ್ದ.

"ನಿನ್ನ ಗ್ರಾಫ್ ತಪ್ಪು," ಎಂದೆ ಬಾಗಿಲಲ್ಲೇ ನಿಂತು. ಏನಾಗಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಬೆಳಿಗ್ಗೆಯಿಂದ ಇಲ್ಲೇ ಇದೀಯ. ಈಗ ಹೇಳ್ತೀಯಾ? ಇನ್ನೇನು ಕಾಲ್ ಬರುತ್ತೆ!"

"ಹೇಳದೇ ಇದ್ಬಿಡೋಣ ಅಂದ್ಕೊಂಡಿದ್ದೆ."

ಅವನು ತಲೆಯೆತ್ತಿದ. "ಯಾಕೆ?"

"ಯಾಕೆ ಅಂತ ಅಂದಾಜು ಮಾಡು. ಮೊದ್ಲು ಆ ಕುರ್ಚಿ ಸರಿಸು."

ಒಂದೇ ಲ್ಯಾಪ್‌ಟಾಪಿನ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತೆವು. ಪ್ರೋಗ್ರಾಮಿನಿಂದ ಮುಂದಿನ ದಿನಗಳನ್ನೆಲ್ಲ ತೆಗೆದು ಹಿಂದಿನವನ್ನಷ್ಟೇ ಉಳಿಸಿದೆ. ಅವನ ಬೆರಳು ನನ್ನ ಸುಟ್ಟ ಬೆರಳಿಗೆ ತಗುಲಿದಾಗ "ಇದೇನು?" ಎಂದ. "ಕಾಫಿ," ಎಂದೆ. ಹೊಸ ಗ್ರಾಫ್ ಬಂದಾಗ ಇಬ್ಬರಿಗೂ ನೋಡಲು ಬೇಜಾರಾಯಿತು. ಬೀಳುತ್ತ ಏಳುತ್ತ ಹೇಗೋ ಒಂದಿಷ್ಟು ಮೇಲೆ ಹೋಗಿತ್ತು, ಅಷ್ಟೆ.

"ಇದನ್ನ ತೋರಿಸಿದ್ರೆ ನಗ್ತಾರೆ. ಹುಷಾರಿಲ್ಲ ಅಂತ ಹೇಳ್ಬಿಡ್ಲಾ?"

"ತೋರಿಸೋ. ಇದಾದ್ರೂ ನಿಜ."

ಮೀಟಿಂಗ್ ರೂಮಿನ ಗಾಜಿನಾಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಒಮ್ಮೆ ಹಳೆಯ ಗ್ರಾಫ್ ಬಂತು, ಆಮೇಲೆ ಹೊಸದು. ಪ್ರಶ್ನೆ ಕೇಳುತ್ತಿದ್ದ ಹೆಂಗಸು ಕನ್ನಡಕ ತೆಗೆದು ಏನೋ ಹೇಳಿದಳು, ಇವನು ತಲೆ ತಗ್ಗಿಸಿದ. ನಾನು ಉಗುರು ಕಚ್ಚುತ್ತ, ಅವನಿಗೆ ಕೆಲಸ ಸಿಗಲಿ ಎಂದು ಒಮ್ಮೆ, ಸಿಗದಿರಲಿ ಎಂದು ಒಮ್ಮೆ ಬೇಡಿಕೊಂಡೆ.

ಹೊರಗೆ ಬಂದವನು ನೇರ ತೊಟ್ಟಿಯ ಪಕ್ಕ ಬಂದು ಕೂತ. "ಸಂಜೆಯೊಳಗೆ ಫೋನ್ ಮಾಡ್ತಾರಂತೆ. ಎರಡೂ ತೋರಿಸ್ದೆ. ತಪ್ಪು ಯಾರು ಹಿಡಿದ್ರು ಅಂತ ಕೇಳಿದ್ರು. ನನ್ನ ಜೊತೆ ಕೆಲಸ ಮಾಡೋಳು ಅಂದೆ."

"ದಡ್ಡ! ನಾನೇ ಹಿಡಿದೆ ಅನ್ನೋಕೇನಾಗಿತ್ತು?"

ಇಬ್ಬರೂ ತೊಟ್ಟಿಯ ನಿಶ್ಚಲ ನೀರನ್ನು ನೋಡುತ್ತ ಕೂತೆವು. ಕಿಟಕಿಯ ಬಿಸಿಲು ಬೆಂಚಿನಿಂದ ಇಳಿದು ನೆಲಕ್ಕೆ ಬಂತು. ಆಗ ಸ್ಟೀಲಿನ ಬೆಂಚಿನ ಮೇಲಿದ್ದ ಅವನ ಫೋನು ಗಡಗಡ ಅದುರತೊಡಗಿತು.

"ಅವರೇ. ಎತ್ತೋ!"

"ಇಲ್ಲ." ಅವನು ಫೋನನ್ನು ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದ. "ಅವರೇನು ಹೇಳ್ತಾರೋ ಗೊತ್ತಾದ್ಮೇಲೆ ಹೇಳಿದ್ರೆ ಇದೂ ಬೆಳಿಗ್ಗೆ ಗ್ರಾಫ್ ಥರಾನೇ, ನಾಳೆ ಕದ್ದು ನೋಡಿ ಹೇಳಿದ ಹಾಗೆ ಆಗುತ್ತೆ."

"ಏನು ಹೇಳ್ತೀಯೋ? ಫೋನ್ ಕಟ್ಟಾಗುತ್ತೆ!"

"ವರ್ಷ ವರ್ಷ ಮುಂದಕ್ಕೆ ಹಾಕೋ ನೌಕರಿ ಇಟ್ಕೊಂಡು ನಿನ್ನನ್ನ ಯಾವ ಬಾಯಲ್ಲಿ ಕೇಳ್ಲಿ ಅಂತಾನೇ ಈ ಕೆಲಸಕ್ಕೆ ಹೊರಟಿದ್ದು. ಸಿಕ್ಮೇಲೆ ಕೇಳೋಣ ಅಂತಿದ್ದೆ. ಈಗ ಕೇಳ್ತಿದೀನಿ. ಸಿಗುತ್ತೋ ಇಲ್ವೋ, ಈ ಊರೋ ಆ ಊರೋ, ನಂಗೇನೂ ಗೊತ್ತಿಲ್ಲ. ನಿನ್ನನ್ನ ಪ್ರೀತಿಸ್ತೀನಿ. ಮದ್ವೆ ಆಗ್ತೀಯಾ?"

ಬಿಟ್ಟುಹೋಗುತ್ತಿದ್ದಾನೆ ಎಂದು ನಾನು ಇಷ್ಟು ದಿನ ಹಲ್ಲು ಕಡಿದಿದ್ದೆಲ್ಲ ದಂಡವಾಗಿತ್ತು.

"ಅಂದಾಜಾ?"

"ಖಂಡಿತ."

ಆ ಮಾತು ಅವನ ಬಾಯಲ್ಲಿ ಬಂದದ್ದನ್ನು ಮೊದಲ ಸಲ ಕೇಳಿದೆ. ಫೋನನ್ನು ನಾನೇ ಎತ್ತಿಕೊಂಡೆ. "ಹಲೋ, ಒಂದು ನಿಮಿಷ ಇರ್ತೀರಾ? ಅವರಿಗೆ ಇಲ್ಲೊಂದು ಉತ್ತರ ಬರೋದಿದೆ. ನಿಮ್ಮದು ಆಮೇಲೆ." ಫೋನನ್ನು ಎದೆಗೊತ್ತಿಕೊಂಡು ಅವನ ಕಡೆ ತಿರುಗಿದೆ.

"ಹೂಂ ಕಣೋ. ಊರಿನ ವಿಷಯಕ್ಕೆ ನಾಳೆ ಜಗಳ ಆಡೋಣ. ಈಗ ಮಾತಾಡು."

ಅವನು ಫೋನನ್ನು ಕಿವಿಗಿಟ್ಟುಕೊಂಡ. ಅವರು ಏನು ಹೇಳಿದರೋ, ಅವನ ಮುಖ ನೋಡಿ ತಿಳಿಯುವ ಹಾಗಿರಲಿಲ್ಲ. ಅದು ಆಗಲೇ ನಗುತ್ತಿತ್ತು.