ಒಂಬತ್ತು ಕ್ಯಾಸೆಟ್ಟುಗಳ ಕೊನೆಯ ಹಾಡು

ತಪ್ಪು ತೋರಿಸಲು ಹೊರಟವರಲ್ಲಿ ಅವನು ಹತ್ತೊಂಬತ್ತನೆಯವನು. ಮೊದಲ ಹದಿನೆಂಟು ಮಂದಿ ಕಾಗದ ಬರೆದಿದ್ದರು. ಇವನು ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅದರಲ್ಲಿದ್ದ ವಿಳಾಸ ಹುಡುಕಿಕೊಂಡು ಖುದ್ದಾಗಿ ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದ್ದ.

"ಈ ಲೇಖನ ಬರೆದದ್ದು ನೀವಾ?"

ಅಕ್ಕ ಒದ್ದೆ ಕೈ ಒರೆಸಿಕೊಂಡಳು. ನಲವತ್ತೊಂದರ ಅವಳನ್ನು ತಮ್ಮನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಕರೆಯುವುದು ಅಕ್ಕ ಎಂದೇ.

"ನಾನೇ. ನಗೋದಿದ್ರೆ ಬೇಗ ನಕ್ಕು ಹೋಗಿ, ಒಳಗೆ ಕೆಲಸ ಇದೆ."

"ನಗೋಕೆ ಬಂದಿಲ್ಲ."

"ಹಾಗಾದ್ರೆ ಬೈಯೋಕೆ. ಅದಕ್ಕೂ ಟೈಮಿಲ್ಲ."

ಹಾಗೆಂದವಳೇ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿಕೊಂಡ ಮೇಲೆ ಹೊಳೆಯಿತು, ಮನುಷ್ಯ ನೋಡಲು ಚೆನ್ನಾಗಿಯೇ ಇದ್ದ. ಇನ್ನೆರಡು ಮಾತು ಬೈಸಿಕೊಂಡಿದ್ದರೂ ನಷ್ಟವೇನಿರಲಿಲ್ಲ.

ನಲವತ್ತು ವರ್ಷ ಗುಡುಗಿದ, ಅವಳ ಮೆಚ್ಚಿನ ಹಾರ್ಡ್ ರಾಕ್ ಬ್ಯಾಂಡು ಇನ್ನು ಸಾಕು ಎಂದು ಹೇಳಿಕೆ ಕೊಟ್ಟಾಗ, ಅಭಿಮಾನಿಗಳ ಮಾಸಪತ್ರಿಕೆ ಓದುಗರಿಂದ ಲೇಖನ ಕೇಳಿತ್ತು. ಅಕ್ಕ ಒಂಬತ್ತು ಆಲ್ಬಮ್‌ಗಳ ಬಗ್ಗೆಯೂ ಬರೆದಳು. ಮೊದಲನೆಯದು ತಗಡಿನ ಮಾಡಿನ ಮೇಲೆ ಕೋತಿಗಳು ಕುಣಿದ ಹಾಗಿದೆ, ಆದರೆ ಖುಷಿಯ ಕೋತಿಗಳು. ಮೂರನೆಯದರಲ್ಲಿ ಡ್ರಮ್ಮಿನವನಿಗೆ ಯಾರ ಮೇಲೋ ಕೋಪ ಬಂದಿದೆ. ಐದನೆಯದು ಮಾತು ಬಿಟ್ಟ ಗಂಡ ಹೆಂಡಿರ ಸಂಸಾರ, ಗಿಟಾರು ಒಂದು ಕಡೆ ಎಳೆದರೆ ಗಾಯಕನ ಗಂಟಲು ಇನ್ನೊಂದು ಕಡೆ. ಏಳನೆಯದನ್ನು ಎಲ್ಲರೂ ತಿಪ್ಪೆಗೆ ಎಸೆದರು, ತನಗೆ ಮಾತ್ರ ಅದೇ ಪ್ರಾಣ.

ಇಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದಳು. ಆದರೆ ಅವಳು ಲೇಖನವನ್ನು ಕಟ್ಟಿದ್ದೇ ಬೇರೆ ಮಾತಿನ ಮೇಲೆ. 'ಪ್ರತಿ ಆಲ್ಬಮ್ಮಿನ ಕೊನೆಯಲ್ಲಿ ಈ ಗದ್ದಲದ ಗಂಡಸರು ಸುಸ್ತಾಗಿ ಕೂತು ಒಂದು ಮೆತ್ತಗಿನ ಹಾಡು ಹಾಡುತ್ತಾರೆ. ಗಾಯಕನ ದನಿ ಗುರುತೇ ಸಿಗದಷ್ಟು ಮೃದುವಾಗುತ್ತದೆ. ಅದೇ ಅವರ ನಿಜವಾದ ಮುಖ, ಉಳಿದದ್ದೆಲ್ಲ ನಾಚಿಕೆ ಮುಚ್ಚಿಕೊಳ್ಳುವ ಸದ್ದು.'

'ಈ ಬ್ಯಾಂಡು ಹುಟ್ಟಿದಾಗಿನಿಂದ ಒಂದೇ ಒಂದು ಮೆತ್ತಗಿನ ಹಾಡು ಹಾಡಿಲ್ಲ,' ಎಂದಿತ್ತು ಮೊದಲ ಕಾಗದ. 'ಮೇಡಂ ಯಾವ ಲೋಕದಲ್ಲಿದ್ದಾರೆ?'

ಮೇಡಂ ಇದ್ದದ್ದು ಎಂಟಡಿ ಉದ್ದ, ಆರಡಿ ಅಗಲದ ಲೋಕದಲ್ಲಿ. ಒಂದು ಟ್ಯೂಬ್‌ಲೈಟು, ಒಂದು ನಲ್ಲಿ, ಫ್ರೇಮಿನ ಅಳತೆಗೆ ಲೆನ್ಸಿನ ಅಂಚು ಉಜ್ಜುವ ತಿರುಗುಕಲ್ಲು. ಗೋಡೆಯಲ್ಲಿ ಕಿಟಕಿಯಿಲ್ಲ, ಒಂದು ಕಿಂಡಿಯಿದೆ. ಅದರೊಳಗಿಂದ ತಮ್ಮನ ಕೈ ಬರುತ್ತದೆ, ಟ್ರೇ ಬರುತ್ತದೆ, "ಅಕ್ಕ, ಇದೊಂದು ಅರ್ಜೆಂಟ್" ಎಂಬ ಮಾತು ಬರುತ್ತದೆ. ಅಪ್ಪನ ಕೈ ನಡುಗಲು ಶುರುವಾದಾಗ ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ವಾರದ ಮಟ್ಟಿಗೆ ಅಂತ ಒಳಗೆ ಬಂದವಳು. ಅಪ್ಪ ತೀರಿಕೊಂಡು ಐದು ವರ್ಷವಾಯಿತು, ಅವಳ ಆ ವಾರ ಇನ್ನೂ ಮುಗಿದಿಲ್ಲ.

ಎರಡು ಸಂಬಂಧಗಳು ಬಂದಿದ್ದವು. ಒಂದು ಸಲ ಶಾಲೆ ಶುರುವಾಗಿ ಮಕ್ಕಳ ಕನ್ನಡಕಕ್ಕೆ ಜನ ಮುಗಿಬೀಳುವ ಸೀಸನ್ನು, ಇನ್ನೊಂದು ಸಲ ತಮ್ಮನ ಹೆಂಡತಿಯ ಬಾಣಂತನ. ಬೇಡ ಅಂದವರು ಯಾರೂ ಇಲ್ಲ, ಕಷ್ಟ ಇರುವುದೇ ಅಲ್ಲಿ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು, ಆ ಪ್ರೀತಿಯಲ್ಲೇ ಬಾಗಿಲು ಮುಚ್ಚಿಕೊಂಡಿತು.

ಕೈ ಸದಾ ಒದ್ದೆ, ಉಗುರಿನ ಸಂದಿಯಲ್ಲಿ ಪುಡಿ. ಫೋನು ಮುಟ್ಟುವ ಹಾಗಿಲ್ಲ. ಹಳೆಯ ಕ್ಯಾಸೆಟ್ ಪ್ಲೇಯರಾದರೆ ಮೊಣಕೈಯಲ್ಲಿ ಒತ್ತಬಹುದು. ಹಾಗಾಗಿ ಇಪ್ಪತ್ತೆರಡು ವರ್ಷ ಅವೇ ಒಂಬತ್ತು ಕ್ಯಾಸೆಟ್ಟು. ಸಾಯಂಕಾಲ ಕಲ್ಲು ನಿಲ್ಲಿಸಿ ಆ ಕೊನೆಯ ಹಾಡು ಕೇಳಿಯೇ ಅವಳು ಮೇಲಿನ ಮನೆಗೆ ಹೋಗುತ್ತಿದ್ದಳು. ಅದೊಂದು ಹಾಡು ಇದ್ದದ್ದಕ್ಕೆ ದಿನ ಕಳೆಯುತ್ತಿತ್ತು. ಈಗ ಹದಿನೆಂಟು ಜನ ಅಂಥ ಹಾಡೇ ಇಲ್ಲ ಅಂತಾರೆ. ಈ ಕೋಣೆಯಲ್ಲಿ ಕೂತು ಕೂತು ತನಗೆ ತಲೆ ಕೆಟ್ಟಿದೆಯೇನೋ ಎಂದು ಅವಳಿಗೆ ನಿಜವಾಗಿ ಭಯವಾಗಿತ್ತು.

ಮರುದಿನ ಅವನು ಮತ್ತೆ ಬಂದ, ಈ ಸಲ ಗಿರಾಕಿಯಾಗಿ. ತಮ್ಮ ಬ್ಯಾಂಕಿಗೆ ಹೋಗಿದ್ದ.

"ಕನ್ನಡಕದ ಕಡ್ಡಿ ಮುರೀತು. ಕೆಳಗೆ ಬಿತ್ತು."

ಅಕ್ಕ ತಿರುಗಿಸಿ ನೋಡಿದಳು. "ಬಿದ್ದದ್ದು ಹೀಗೆ ಮುರಿಯಲ್ಲ. ನೀವೇ ಮುರಿದಿದ್ದೀರ."

"ಕಂಡುಹಿಡಿದುಬಿಟ್ರಲ್ಲ."

"ಅದೇ ನನ್ನ ಕೆಲಸ. ಯಾಕೆ ಮುರಿದ್ರಿ?"

"ಇಲ್ದಿದ್ರೆ ನೀವು ನಿಂತು ಮಾತಾಡ್ತಿರಲಿಲ್ಲ." ಅವನು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಸರಿಯಾಗಿ ಕಾಣುತ್ತಿಲ್ಲ ಎಂಬ ಧೈರ್ಯಕ್ಕೆ ಅವಳೂ ನೋಡಿದಳು. "ಸ್ಟೇಷನ್ ರಸ್ತೆಯಲ್ಲಿ ಒಂದು ಮ್ಯೂಸಿಕ್ ಅಂಗಡಿ ಇತ್ತಲ್ಲ, ರೆಕಾರ್ಡಿಂದ ಕ್ಯಾಸೆಟ್ಟಿಗೆ ತುಂಬಿಸಿ ಕೊಡ್ತಿದ್ರು. ತುಂಬಿಸ್ತಿದ್ದವನು ನಾನು."

ಆ ಹಣೆ, ಆ ಕಿವಿ. ಅಕ್ಕನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

"ಕ್ಯಾಸೆಟ್ಟಿನವರು! ನಿಮಗೆ ಭುಜದವರೆಗೆ ಕೂದಲಿತ್ತು."

"ಇತ್ತು," ಎಂದ ಅವನು, ಬೋಳು ತಲೆ ಸವರಿಕೊಂಡು. "ಅದರ ವಿಷಯ ಬಿಡಿ. ನಿಮ್ಮ ಲೇಖನದ ತಪ್ಪು ನಿಮ್ಮದಲ್ಲ, ನಂದು. ಕ್ಯಾಸೆಟ್ಟು ಅರವತ್ತು ನಿಮಿಷದ್ದು, ಇವರ ಯಾವ ಆಲ್ಬಮ್ಮೂ ಐವತ್ತೈದು ದಾಟಲ್ಲ. ಕೊನೆಗೆ ಐದಾರು ನಿಮಿಷ ಉಳೀತಿತ್ತು. ಎಲ್ಲರಿಗೂ ಖಾಲಿ ಬಿಡ್ತಿದ್ದೆ. ನಿಮಗೆ ಬಿಡೋಕೆ ಮನಸ್ಸಾಗ್ಲಿಲ್ಲ."

"ಆ ಹಾಡುಗಳು?"

"ಬೇಸ್ ಗಿಟಾರಿನವನು ಒಬ್ಬನೇ ಒಂದು ರೆಕಾರ್ಡ್ ಮಾಡಿದ್ದ, ಯಾರೂ ಕೊಳ್ಳಲಿಲ್ಲ. ಅದರಿಂದ ಒಂದೊಂದೇ ಹಾಕಿದೆ. ಗಾಯಕನ ದನಿ ಗುರುತೇ ಸಿಗಲ್ಲ ಅಂತ ಬರೆದಿದ್ದೀರಲ್ಲ, ಹಾಡ್ತಿದ್ದವನೇ ಬೇರೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ತಲೆ ಕೆಟ್ಟಿರಲಿಲ್ಲ, ಹಾಡು ಇತ್ತು.

"ಲೇಬಲ್ ಮೇಲೆ ಬರೀಬಹುದಿತ್ತಲ್ಲ?"

"ಬರೆದ್ರೆ ಯಾಕೆ ಹಾಕಿದೆ ಅಂತ ಕೇಳ್ತಿದ್ರಿ. ಹೇಳೋಕೆ ಧೈರ್ಯ ಬೇಕಲ್ಲ. ಹತ್ತನೇ ಸಲ ಬಂದಾಗ ಹೇಳೋಣ ಅಂತಿದ್ದೆ. ನೀವು ಬರಲೇ ಇಲ್ಲ."

"ಅಪ್ಪನ ಕೈ ನಡುಗೋಕೆ ಶುರುವಾಯ್ತು," ಎಂದಳು ಅಕ್ಕ. ಇಪ್ಪತ್ತೆರಡು ವರ್ಷದ ಕತೆ ಹೇಳಲು ಅಷ್ಟೇ ಸಾಕಾಯಿತು.

"ಮದುವೆ?" ಎಂದು ಕೇಳಿದವಳೂ ಅವಳೇ. ಕೇಳಿ ನಾಲಿಗೆ ಕಚ್ಚಿಕೊಂಡಳು.

"ಇಲ್ಲ. ಯಾವಾಗಲೂ ಯಾರದೋ ಹಾಲ್‌ನಲ್ಲಿ ಮೈಕ್ ಕಟ್ತಾ ಇದ್ದೆ. ನಿಮ್ಮ ಲೇಖನ ಓದಿದ ದಿನ ಗೊತ್ತಾಯ್ತು, ನಾನು ತುಂಬಿಸಿಕೊಟ್ಟದ್ದನ್ನ ಒಬ್ಬರು ಇಷ್ಟು ವರ್ಷ ಕೇಳಿದ್ದಾರೆ. ಬ್ಯಾಂಡಿನ ನಿಜವಾದ ಮುಖ ಅಂದ್ರಲ್ಲ, ಅದು ಬ್ಯಾಂಡಿನದಲ್ಲ. ಹೇಳಿಬಿಡ್ತೀನಿ, ನಂದು."

ಅಕ್ಕ ಬೇರೆ ಕಡ್ಡಿ ಜೋಡಿಸಿ, ಕನ್ನಡಕವನ್ನು ತಾನೇ ಅವನ ಕಿವಿಗೆ ತೊಡಿಸಿದಳು. ಗಿರಾಕಿಗಳಿಗೆಲ್ಲ ಹಾಗೆಯೇ ತೊಡಿಸುತ್ತಾಳೆ. ಇಷ್ಟು ಹೊತ್ತು ಮಾತ್ರ ತೆಗೆದುಕೊಳ್ಳುವುದಿಲ್ಲ.

ಆಮೇಲಿನ ಮೂರು ವಾರದಲ್ಲಿ ಆ ಕನ್ನಡಕ ಐದು ಸಲ ಸಡಿಲವಾಯಿತು. ತಮ್ಮನಿಗೇ ಮರುಕ ಬಂದು, "ಹೊಸ ಫ್ರೇಮ್ ತಗೊಳ್ಳಿ ಸಾರ್," ಎಂದ. ಐದನೇ ಸಲ ಕ್ಯಾಸೆಟ್ಟಿನವನು ದನಿ ತಗ್ಗಿಸಿ ಅಕ್ಕನಿಗೆ ಹೇಳಿದ, "ದೂರದ ಊರಲ್ಲಿ ಒಂದು ರಂಗಮಂದಿರದ ಸೌಂಡ್ ಕೆಲಸ ಕೊಟ್ಟಿದ್ದಾರೆ. ನಾಳೆ ಹೊರಡಬೇಕು. ಬರ್ತೀರಾ ನನ್ನ ಜೊತೆ? ಮದುವೆ ಆಗಿ."

"ಅಕ್ಕ, ಇದೊಂದು ಅರ್ಜೆಂಟ್," ಎಂದ ಅಷ್ಟರಲ್ಲೇ ತಮ್ಮ, ಕಿಂಡಿಯೊಳಗೆ ಟ್ರೇ ತಳ್ಳುತ್ತ. ಅವಳು ಒಳಗೆ ಹೋದಳು. ಕಾಲು ತಾನಾಗಿಯೇ ಹೋಗಿತ್ತು. ಅದು ನೆನಪಾಗಿ ಆ ದಿನವೆಲ್ಲ ಅವಳಿಗೆ ತನ್ನ ಕಾಲಿನ ಮೇಲೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವನು ಸೂಟ್‌ಕೇಸು ಹಿಡಿದು ಬಂದಾಗ ಅಕ್ಕ ಹೊರಗೆ ಕೌಂಟರಿನ ಪಕ್ಕ ನಿಂತಿದ್ದಳು.

"ಇವರನ್ನ ಮದುವೆ ಆಗ್ತಿದ್ದೀನಿ," ಎಂದಳು ತಮ್ಮನಿಗೆ. "ಇವತ್ತೇ ಹೋಗ್ತೀನಿ."

ತಮ್ಮ ಇಬ್ಬರನ್ನೂ ನೋಡಿದ. "ಆಗು ಅಕ್ಕ, ಬೇಡ ಅಂದವರ್ಯಾರು? ಈ ಸೀಸನ್ ಒಂದು ಮುಗೀಲಿ."

"ಸೀಸನ್ ಮುಗಿಯಲ್ಲ ಕಣೋ."

ತಮ್ಮನ ಮುಖ ಬಾಡಿತು. ಮೂವತ್ತಾರು ವರ್ಷದ, ಒಂದು ಮಗುವಿನ ತಂದೆ, ಕೌಂಟರಿನ ಅಂಚು ಹಿಡಿದು ನಿಂತ. "ನಂಗೆ ಲೆನ್ಸ್ ಉಜ್ಜೋಕೆ ಬರಲ್ಲ ಅಕ್ಕ," ಎಂದ. ಕಣ್ಣು ತುಂಬಿತ್ತು, ನಾಟಕವಾಗಿರಲಿಲ್ಲ.

ಆಯ್ತು ಬಿಡು ಎಂಬ ಮಾತು ಅಕ್ಕನ ನಾಲಿಗೆ ತುದಿಗೆ ಬಂದೇ ಬಂತು. ಪ್ರತಿ ಸಲವೂ ಅವಳನ್ನು ಕಟ್ಟಿಹಾಕಿದ್ದು ಆ ಮಾತೇ, ಅದನ್ನು ಆಡಿದ್ದೂ ಅವಳದೇ ಬಾಯಿ. ಕ್ಯಾಸೆಟ್ಟಿನವನು ಸೂಟ್‌ಕೇಸು ಕೆಳಗಿಟ್ಟು ಕಾದ. ಒಂದು ಮಾತು ಆಡಿದ್ದರೂ ಅವಳು ಅವನ ಮೇಲೆ ಸಿಟ್ಟು ತೀರಿಸಿಕೊಂಡು ಒಳಗೆ ಹೋಗುತ್ತಿದ್ದಳೇನೋ.

ಅವಳು ಏಪ್ರನ್ ತೆಗೆದು ತಮ್ಮನ ಸೊಂಟಕ್ಕೆ ಕಟ್ಟಿದಳು.

"ನಂಗೂ ಬರ್ತಿರಲಿಲ್ಲ. ಬಾ ಒಳಗೆ, ಹೇಳಿಕೊಡ್ತೀನಿ. ಮೊದಲು ಒಂದೆರಡು ಒಡೀತವೆ, ಒಡೀಲಿ."

ಆಮೇಲೆ ಕ್ಯಾಸೆಟ್ಟಿನವನ ಕಡೆ ತಿರುಗಿದಳು.

"ಸಾಯಂಕಾಲ ಬಸ್ಸಿದೆಯಾ?"

"ಆರಕ್ಕೊಂದಿದೆ."

"ಎರಡು ಟಿಕೆಟ್ ತಗೊಳ್ಳಿ," ಎಂದಳು.