ಹೂಗ್ಲಿ ಹಿಂದಕ್ಕೆ ಹರಿದ ಮಧ್ಯಾಹ್ನ

"ರೀ... ಮ್ಯಾಲ ಬರ್ರಿ! ಲಗೂ ಬರ್ರಿ!"

ಊರಿನಿಂದ ಎರಡು ದಿನದ ರೈಲು ದಾರಿಯಷ್ಟು ದೂರದ ಕೋಲ್ಕತ್ತಾದಲ್ಲಿ, ಹೂಗ್ಲಿ ನದಿಯ ದಂಡೆಯಲ್ಲಿ, ತನ್ನ ಸೀಮೆಯ ಕನ್ನಡ! ನರ್ಗೀಸ ಬೆಚ್ಚಿ ತಿರುಗಿದಳು.

ಅಷ್ಟರಲ್ಲಿ ಯಾರೋ ಅವಳ ಮುಂಗೈ ಹಿಡಿದು ನಾಲ್ಕು ಮೆಟ್ಟಿಲು ಮೇಲಕ್ಕೆ ಎಳೆದಾಗಿತ್ತು. ಮರುಗಳಿಗೆಯೇ ಸೊಂಟದೆತ್ತರದ ಅಲೆಯೊಂದು ಭೋರೆಂದು ಬಂದು, ಅವಳು ನಿಂತಿದ್ದ ಮೆಟ್ಟಿಲನ್ನು ನುಂಗಿಬಿಟ್ಟಿತು.

ಆದರೂ ಅವಳ ತಲೆಯಲ್ಲಿ ಮೊದಲು ಎದ್ದದ್ದು ಭಯವಲ್ಲ.

'ಸಮುದ್ರ ಎಲ್ಲೋ ಇದೆ... ನದಿಗೆ ಇಷ್ಟು ದೊಡ್ಡ ಅಲೆ ಹೇಗೆ ಬಂತು?'

"ಹುಚ್ಚು ಹಿಡದೈತೇನ್ರಿ? ದೋಣಿಗೋಳೆಲ್ಲ ನಡುನೀರಿಗೆ ಓಡಾಕತ್ತಿದ್ವು, ನೀವು ಕೆಳಗ ಇಳಿಯಾಕತ್ತಿದ್ರಿ!" ಎಂದು ಅವಳನ್ನು ಎಳೆದ ಯುವಕ ರೇಗಿದ.

"ಯಾಕ ಓಡಾಕತ್ತಾವ ಅಂತ ನೋಡಾಕನ ಇಳಿದೆ... ಅಂದಂಗ, ನಾ ಕನ್ನಡದಾಕಿ ಅಂತ ಹೆಂಗ ಗೊತ್ತಾತು?"

"ನಿಮ್ಮಷ್ಟಕ್ಕ ನೀವ ಜೋರಾಗಿ ಕೇಳಾಕತ್ತಿದ್ರಲ್ಲ, 'ಇದ್ಯಾಕ ಹಿಂಗ' ಅಂತ!"

ಅವಳಿಗೆ ನಗು ಬಂತು. ಆಗಲೇ ಇಬ್ಬರ ಕಣ್ಣೂ ಅವಳ ಮುಂಗೈ ಮೇಲೆ ಬಿದ್ದವು. ಅವನು ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ.

ನರ್ಗೀಸ ಇಳಕಲ್ಲಿನವಳು, ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಐದು ದಿನದ ತರಬೇತಿಗೆ ಬಂದು, ಇವತ್ತು ಬಿಡುವಾಗಿ ಪ್ರಿನ್ಸೆಪ್ ಘಾಟ್ ನೋಡಲು ಹೊರಟಿದ್ದಳು. ಬ್ರಿಟಿಷರ ಕಾಲದ ಎತ್ತರದ ಬಿಳಿ ಕಂಬಗಳ ಮಂಟಪ, ಅದರ ಮಗ್ಗುಲಿಂದ ನದಿಯುದ್ದಕ್ಕೂ ಸಾಗುವ ನಡೆದಾರಿ. ಜೊತೆಗೆ ಬಂದಿದ್ದ ಗೀತಾಂಜಲಿ ಟೀಚರ್ ಮಂಟಪದ ನೆರಳಲ್ಲಿ ಚಪ್ಪಲಿ ಬಿಟ್ಟು ಕೂತುಬಿಟ್ಟಿದ್ದರು.

"ಅಲ್ಲಿ ನೋಡ್ರಿ," ಎಂದ ಅವನು.

ಈಗಷ್ಟೇ ಸಮುದ್ರದ ಕಡೆ ತೇಲಿಹೋಗಿದ್ದ ಜಲಸಸ್ಯದ ಹಸಿರು ಗುಂಪುಗಳು ತಿರುಗಿ ಬರುತ್ತಿದ್ದವು. ಇಡೀ ನದಿಯೇ ಹಿಂದಕ್ಕೆ ಹರಿಯುತ್ತಿತ್ತು!

"ಸಮುದ್ರದ ಭರತ. ಹುಣ್ಣಿಮಿ, ಅಮಾಸಿ ಬಂತಂದ್ರ ಇಲ್ಲೀತನಕ ನುಗ್ಗತೈತಿ."

"ಎಷ್ಟು ದೂರ ಹೋಗತೈತ್ರಿ? ನೀರು ಉಪ್ಪಾಗತೈತೇನು? ಮೀನು ಏನ್ ಮಾಡ್ತಾವ?"

ಅವನು ಒಂದೊಂದಕ್ಕೂ ಉತ್ತರ ಕೊಡುತ್ತಾ ಪಕ್ಕದಲ್ಲೇ ನಡೆದ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ರಿ' ಎಂದ. ಅವಳಿಗೆ ಅದೇ ಹೆಚ್ಚು ಹಿಡಿಸಿತು.

ಥಟ್ಟನೆ ಅಮ್ಮಿ ಜೈನಬಿಯ ಮಾತು ನೆನಪಾಯಿತು. 'ಐತವಾರ ಗಂಡಿನ ಕಡೆಯವ್ರು ನಿನ್ನ ನೋಡಾಕ ಬರ್ತಾರ. ಹಿಂದಿನ ಸಲದಂಗ ಬಾಯಿ ಬಿಡಬ್ಯಾಡ.' ಆಗಲಿ ಎಂದು ಮಾತು ಕೊಟ್ಟಿದ್ದಳು. ಅವಳು ತುಟಿ ಬಿಗಿದಳು.

"ಯಾಕ ಸುಮ್ಮನಾದ್ರಿ?"

ಗುರುತಿಲ್ಲದವನ ಮುಂದೆ ಹೇಳುವುದು ಯಾಕೋ ಸುಲಭವೆನಿಸಿತು. "ಭಾಳ ಕೇಳ್ತೇನಿ ಅಂತ ಹೋದ ವರ್ಷ ಒಂದು ಸಂಬಂಧ ತಪ್ಪೈತ್ರಿ. ಹುಡುಗ ಎಲ್ಲೋ ನದಿ ಹೂಳು ತಗಿಯೋ ಹಡಗಿನ್ಯಾಗ ಇದ್ದ. ಅವರ ಕಾಕಾ ಬಂದಿದ್ರು. 'ತಗದ ರಾಡಿ ಎಲ್ಲಿ ಒಗೀತಾರ' ಅಂತ ಕೇಳಿದೆ. ಮೂರನೇ ದಿನ ಫೋನ್ ಬಂತು... ಹುಡುಗಗ ಇಷ್ಟು ಮಾತಾಡಾಕಿ ಬ್ಯಾಡಂತ."

ಅವನ ಕಾಲುಗಳು ಅಲ್ಲೇ ನಿಂತವು.

"ನೀವು... ಇಳಕಲ್ಲ ಮುರ್ತುಜಸಾಬರ ಮಗಳಾ?"

"ಹೌದು... ನಿಮಗ್ಹೆಂಗ ಗೊತ್ತು?"

"ನಾ ಶಿರೂರಿನ ನವೀದ್ರಿ. ನಿಮ್ಮನಿಗೆ ಬಂದಾವ್ರು ನಮ್ಮ ಅಬ್ದುಲಸಾಬ ಕಾಕಾ."

ನರ್ಗೀಸಳ ಮುಖ ಕೆಂಪೇರಿತು. ಇವನೇ! ಒಂದು ಇಡೀ ವರ್ಷ ಮನೆಯಲ್ಲಿ ಬಾಯಿ ತೆರೆಯಲೂ ಹೆದರುವಂತೆ ಮಾಡಿದವನು ಇವನೇ!

"ಹಂಗಾದ್ರ ಇಷ್ಟೊತ್ತು ನನ್ನ ಮಾತು ಕೇಳಿ ಭಾಳ ತ್ರಾಸ ಆಗಿರಬೇಕು. ಬರ್ತೇನ್ರಿ!"

ಅವಳು ಬಿರಬಿರನೆ ನಡೆದಳು. ಕಣ್ಣು ತುಂಬಿ ಬಿಳಿ ಕಂಬಗಳು ಮಸುಕಾದವು.

"ನರ್ಗೀಸ! ಒಂದ್ ಮಾತು!" ಅವನ ಬಾಯಲ್ಲಿ ತನ್ನ ಹೆಸರು... ಇನ್ನೂ ಹೇಳಿಯೇ ಇರಲಿಲ್ಲವಲ್ಲ? ಅವಳು ನಿಂತಳು.

"ನಿಮ್ಮ ಹೆಸರು ವರ್ಷದಿಂದ ಮರತಿಲ್ರಿ ನಾ. 'ಟೀಚರ್ ಹುಡುಗಿ, ರಾಡಿ ಎತ್ತಾಂವ ಬ್ಯಾಡ ಅಂದ್ಳು' ಅಂತ ಕಾಕಾ ಹೇಳಿದ್ರು. ನಾ ಅದನ್ನ ನಂಬಿದ್ದೆ."

"ಸುಳ್ಳು!"

ಅವನು ಕೂಡಲೇ ಊರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ಕಾಕಾ, ಇಳಕಲ್ಲ ಹುಡುಗಿ ಖರೇನ ನನ್ನ ಬ್ಯಾಡ ಅಂದಿದ್ಲೇನು?" ಎಂದು ಕೇಳಿದ.

ಆ ಕಡೆ ಕೆಮ್ಮು. ಆಮೇಲೆ ಒಂದು ನಿಟ್ಟುಸಿರು.

"ಈಗ್ಯಾಕ ತಗಿತಿ ಅದನ್ನ? ಹತ್ತು ಪ್ರಶ್ನಿ ಕೇಳಿದ್ಲಪ್ಪಾ, ನಂಗ ಒಂದೂ ಬರಲಿಲ್ಲ! ಮಂದಿ ಎಲ್ಲಾ ನಕ್ರು. ಸಿಟ್ಟಿಗೆ ಆ ಕಡೆ ಒಂದು, ಈ ಕಡೆ ಒಂದು ಹೇಳಿಬಿಟ್ಟೆ. ತಪ್ಪಾತು ಬಿಡು..."

ಫೋನ್ ಕಟ್ಟಾಯಿತು. ನರ್ಗೀಸ ನಕ್ಕಳು, ನಗುನಗುತ್ತಲೇ ಅತ್ತುಬಿಟ್ಟಳು. ಗಂಟಲಲ್ಲೇ ನುಂಗಿದ ಎಷ್ಟು ಮಾತುಗಳು... ಎಲ್ಲವೂ ಒಬ್ಬ ಮುದುಕನ ಮುಜುಗರಕ್ಕಾಗಿ!

ನವೀದ ಮೆಲ್ಲಗೆ ಹೇಳಿದ, "ರಾಡಿ ಕೆಳಗ ಒಯ್ದು, ಸಮುದ್ರದ ಹತ್ರ ಸುರೀತೀವ್ರಿ. ಒಂದಿಷ್ಟು ಭರತದ ಜೋಡಿ ತಿರುಗಿ ಬರತೈತಿ. ಮತ್ತ ತಗೀತೀವಿ. ಆರು ವರ್ಷದಾಗ ನನ್ನ ಕೆಲಸದ ಬಗ್ಗೆ ಕೇಳಿದಾಕಿ ನೀವೊಬ್ಬರ."

ಅವಳು ಕಣ್ಣೊರೆಸಿಕೊಂಡು ತಾನೇ ಫೋನ್ ತೆಗೆದಳು.

"ಅಮ್ಮೀ, ಐತವಾರದೋರಿಗೆ ಬರಬ್ಯಾಡ್ರಿ ಅಂತ ಹೇಳು... ಇಲ್ಲ, ಹುಷಾರದೀನಿ. ಬಾಯಿ ಮುಚ್ಚಿ ಕುಂದ್ರೂದು ನನ್ನ ಕೈಲಿ ಆಗಂಗಿಲ್ಲ, ಅಷ್ಟ. ಊರಿಗೆ ಬಂದು ಎಲ್ಲಾ ಹೇಳ್ತೇನಿ."

ಫೋನ್ ಇಡುವವರೆಗೂ ನವೀದ ಕಾದ.

"ಹಂಗಾದ್ರ... ನಾ ಬರ್ಲ್ಯಾ ನಿಮ್ಮನಿಗೆ? ಈ ಸಲ ಯಾರನ್ನೂ ಕಳಸಂಗಿಲ್ಲ. ನಾನ ಬರ್ತೇನಿ."

"ಬಂದ್ರ ಭಾಳ ಕೇಳ್ತೇನಿ ನೋಡ್ರಿ."

"ಎಲ್ಲೀತನಕ?"

ಅವಳು ಹೆಗಲ ಮೇಲಿನ ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ತುಟಿಯಂಚಿನ ನಗು ಮಾತ್ರ ಅಡಗಲಿಲ್ಲ.

"ಮುದುಕಿ ಆಗೂತನಕ."

"ನಾಳೇನ ರಜಾ ಹಾಕ್ತೇನಿ!" ಎಂದ ನವೀದ.