ಅಂಗಡಿಯಿಂದ ತಂದ ಹಾಸಿಗೆ

"ಕೋರ್ಟಲ್ಲಿ ನಿಮ್ಮಪ್ಪನ ಕಡೆ ಒಂದು ಮಾತಾಡಿದ್ರೂ ಅಷ್ಟೇ, ಅಲ್ಲಿಂದ ಹಾಗೇ ತವರಿಗೆ ಹೋಗು."

ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, ಸೊಸೆ ಕೊಟ್ಟ ಕಾಫಿ ಹೀರುತ್ತಲೇ ಅತ್ತೆ ಈ ಮಾತು ಹೇಳಿದರು. ಸೊಸೆಯ ಕಣ್ಣು ತುಂಬಿ ಬಂತು. ಗಂಡನೆಂಬುವನು ಕಾರಿನ ಕೀಲಿ ಹುಡುಕುವ ನೆಪದಲ್ಲಿ ಆಗಲೇ ಮಾಯವಾಗಿದ್ದ. ಕೀಲಿ ಅವನ ಜೇಬಿನಲ್ಲೇ ಇತ್ತು.

"ಈ ಹಾಸಿಗೆ ನೋಡು," ಅತ್ತೆ ಅಂಗೈಯಿಂದ ತಟ್ಟಿದರು. "ಅಂಗಡಿಯವರು ಅಂದ್ರೆ ಹೀಗಿರ್ಬೇಕು. ಎಷ್ಟು ಸಲ ವಾಪಸ್ ಕಳಿಸಿದ್ರೂ ಬೇಜಾರು ಮಾಡ್ಕೊಳ್ಲಿಲ್ಲ. ನನ್ನ ಸೊಂಟ ನೋವು ಹೇಳಹೆಸರಿಲ್ಲದ ಹಾಗೆ ಹೋಯ್ತು. ನಿಮ್ಮಪ್ಪನೂ ಇದ್ದಾರೆ, ಹಾಸಿಗೆ ಹೊಲಿಯೋರು!"

ಸೊಸೆ ಲೋಟ ತೆಗೆದುಕೊಂಡು ಒಳಗೆ ಹೋದಳು. ಅಳು ಬರುತ್ತಿತ್ತು, ಅದರ ಹಿಂದೆಯೇ ನಗುವೂ ಬರುತ್ತಿತ್ತು...

ಅತ್ತೆಯದು ಲಾಡ್ಜು. ಹೊಸ ಮಹಡಿಯ ಕೋಣೆಗಳಿಗೆಲ್ಲ ಹಾಸಿಗೆ ಹೊಲಿದುಕೊಡಬೇಕೆಂದು ಅವರಿಗೂ ಸೊಸೆಯ ಅಪ್ಪನಿಗೂ ಕರಾರಾಗಿತ್ತು. ಸಾಕ್ಷಿಯ ಸಹಿ ಸೊಸೆಯದೇ. ಹಾಸಿಗೆಗಳು ತಡವಾದವು. ಮೊದಲ ದಿನ ಬಂದ ಗಿರಾಕಿಗಳು ಬರೀ ಮಂಚ ನೋಡಿ ವಾಪಸಾದರು. ಅತ್ತೆ ಅರ್ಧ ಹಣ ತಡೆಹಿಡಿದರು. ಆಳುಗಳಿಗೆ ಕೂಲಿ ಕೊಡಲಾಗದೆ, ಬೇರೆ ದಾರಿ ಕಾಣದೆ, ಅಪ್ಪ ದಾವೆ ಹೂಡಿದರು. ಅಂದಿನಿಂದ ಅವರು ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮೊಮ್ಮಗಳನ್ನು ಬೀದಿಯ ತುದಿಯಲ್ಲಿ ನಿಂತು ನೋಡಿ ಹೋಗುತ್ತಿದ್ದರು, ಪಾಪ... ಕರುಳಿದ್ದವರು ಯಾರು ತಾನೇ ಅದನ್ನು ನೋಡಿ ಸುಮ್ಮನಿರಬಲ್ಲರು?

ಕೋರ್ಟಿನ ವರಾಂಡದಲ್ಲಿ ಅಪ್ಪ ಮಗಳ ಕೈ ಹಿಡಿದುಕೊಂಡರು.

"ಹೊಲಿಗೆ ಮಿಷಿನ್ ಕೆಟ್ಟು ತಡವಾಯ್ತು ಅಂತ ಹೇಳಿದೀನಮ್ಮ. ನೀನೂ ಅಷ್ಟೇ ಹೇಳು. ದುಡ್ಡು ಹೋದ್ರೆ ಹೋಗ್ಲಿ, ನಿನ್ನ ಸಂಸಾರ ನೆಟ್ಟಗಿರ್ಲಿ."

ಸೊಸೆ ಸಾಕ್ಷಿ ಕಟಕಟೆ ಹತ್ತಿದಳು.

"ನಿಮ್ಮ ತಂದೆಯ ಮಿಷಿನ್ ಕೆಟ್ಟಿದ್ದು ನಿಜವೇನಮ್ಮ?" ಅತ್ತೆಯ ವಕೀಲರು ಕೇಳಿದರು.

"ಇಲ್ಲ ಸಾರ್. ಚೆನ್ನಾಗೇ ಇತ್ತು."

ಅತ್ತೆಯ ಮುಖ ಅರಳಿತು. ಅಪ್ಪ ತಲೆ ತಗ್ಗಿಸಿದರು.

"ಮತ್ತೆ ತಡ ಯಾಕಾಯ್ತು?" ಈ ಸಲ ಕೇಳಿದವರು ನ್ಯಾಯಾಧೀಶರು.

"ಆಗ ಅತ್ತೆಗೆ ವಿಪರೀತ ಸೊಂಟ ನೋವು ಸ್ವಾಮಿ. ಮಗ್ಗುಲು ಬದಲಾಯಿಸೋಕೂ ಆಗ್ತಿರ್ಲಿಲ್ಲ. ಬೀಗರಿಂದ ಪುಕ್ಕಟೆ ಏನೂ ಮುಟ್ಟಲ್ಲ ಅನ್ನೋ ಹಠ ಬೇರೆ. ನಾನೇ ಅಪ್ಪನ ಕೈಕಾಲು ಹಿಡಿದು ಅವರಿಗೊಂದು ಹಾಸಿಗೆ ಹೊಲಿಸಿದೆ. ಅಂಗಡಿಯದು ಅಂತ ಸುಳ್ಳು ಹೇಳಿದೆ. ಒಂದು ಸಲ ಗಟ್ಟಿ ಅಂದ್ರು, ಇನ್ನೊಂದು ಸಲ ಮೆತ್ತಗೆ ಅಂದ್ರು, ಆಮೇಲೆ ನಡುವೆ ತಗ್ಗು ಅಂದ್ರು. ಪ್ರತಿ ಸಲವೂ ಅಪ್ಪ ಲಾಡ್ಜಿನ ಕೆಲಸ ನಿಲ್ಲಿಸಿ, ಅದನ್ನ ಬಿಚ್ಚಿ, ಹತ್ತಿ ಹಿಂಜಿ, ತಾವೇ ಮತ್ತೆ ಹೊಲಿದ್ರು... ಆಳುಗಳ ಕೈಗೂ ಕೊಡ್ಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಫೈಲನ್ನು ಮುಖದ ಹತ್ತಿರಕ್ಕೆ ಎತ್ತಿ ಓದತೊಡಗಿದರು.

ಅತ್ತೆಗೆ, ಪ್ರತಿದಿನ ಆ ಹಾಸಿಗೆ ತಟ್ಟಿ ತಾವು ಏನೇನು ಅಂದಿದ್ದರೆಂಬುದು ಒಂದೊಂದಾಗಿ ನೆನಪಾಯಿತು. ಅದನ್ನೆಲ್ಲ ಕೇಳಿಯೂ ಈ ಹುಡುಗಿ ತುಟಿ ಎರಡು ಮಾಡಿರಲಿಲ್ಲ... ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು.

"ಸ್ವಾಮಿ, ಬಾಕಿ ಪೂರ್ತಿ ಈವತ್ತೇ ಕೊಟ್ಬಿಡ್ತೀನಿ."

ಹೊರಗೆ ಬಂದಾಗ ಸೊಸೆ ಮೆಟ್ಟಿಲ ಬಳಿ ನಿಂತುಬಿಟ್ಟಳು. ಗಂಡನ ಕಾರು ಒಂದು ಕಡೆ, ತವರಿಗೆ ಹೋಗುವ ಬಸ್ಸು ಇನ್ನೊಂದು ಕಡೆ. ಅತ್ತೆ ಅವಳನ್ನು ದಾಟಿ ನೇರವಾಗಿ ಅಪ್ಪನ ಮುಂದೆ ಹೋದರು.

"ಬೀಗರೇ, ಆ ಹಾಸಿಗೇಲಿ ಎಡಗಡೆ ಗಂಟು ಕಟ್ಟಿದೆ. ನಾಳೆ ಮನೆಗೆ ಬಂದು ಸರಿ ಮಾಡಿ. ಊಟ ನಮ್ಮಲ್ಲೇ."

"ಗಂಟಾ? ನಾನು ಹೊಲಿದದ್ರಲ್ಲಾ?" ಅಪ್ಪನಿಗೆ ಕೇಸು ಗೆದ್ದ ಖುಷಿಯೂ ಮರೆತುಹೋಯಿತು.

"ಗಂಟು ಅಂದ್ರೆ ಗಂಟು. ಮೊಮ್ಮಗಳೂ ಕಾಯ್ತಿರ್ತಾಳೆ, ಬೇಗ ಬನ್ನಿ." ಅತ್ತೆ ಸೊಸೆಯ ಕಡೆ ತಿರುಗಿದರು. "ನೀನೇನೇ ನೋಡ್ತಾ ನಿಂತೆ? ಕಾರು ಹತ್ತು."

ಆ ಹಾಸಿಗೆಯನ್ನು ದಿನಾ ಬೆಳಿಗ್ಗೆ ಕೊಡವಿ ಹಾಸುತ್ತಿದ್ದವಳು ಸೊಸೆಯೇ. ಅದರಲ್ಲಿ ಎಲ್ಲಿಯೂ ಗಂಟಿರಲಿಲ್ಲ. ಅವಳು ಬಾಯಿಬಿಡದೆ ಕಾರು ಹತ್ತಿದಳು.